ಹಿಟ್ಟಿನ ಮಿಲ್ಲಿನಲ್ಲಿ ಹಾಡಿದ ಒಂಬತ್ತು ಹಾಡು

ಕಳೆದ ತಿಂಗಳು ಕೊಪ್ಪದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಬಣ್ಣ ಹಚ್ಚಲು ಕರೆದಿದ್ದರು. ಈಗ ನನ್ನ ಕಸುಬು ಅದೇ. ಹರಿಹರದಲ್ಲಿ ಒಂದು ಕೋಣೆ ತುಂಬ ಕಿರೀಟ, ಗದೆ, ಜರಿ ಸೀರೆ, ಗಡ್ಡ ಮೀಸೆ ಇಟ್ಟುಕೊಂಡಿದ್ದೇನೆ. ಬಾಡಿಗೆಗೆ ಕೊಡುತ್ತೇನೆ, ಕರೆದ ಊರಿಗೆ ಹೋಗಿ ಬಣ್ಣ ಹಚ್ಚಿ ಬರುತ್ತೇನೆ. ಕೊಪ್ಪ ಅಂದಾಗ ಮೊದಲು ಆಗೋದಿಲ್ಲ ಅಂದೆ. ಆಮೇಲೆ, ಊರೇನು ತಪ್ಪು ಮಾಡಿದೆ ಅನ್ನಿಸಿ ಒಪ್ಪಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎರಡೂ ಕೈಯಲ್ಲಿ ಟ್ರಂಕು ಹಿಡಿದು ನಡೆಯುತ್ತಿದ್ದಾಗ, ಯಾವುದೋ ಓಣಿಯಿಂದ ಆಗಷ್ಟೇ ಬೀಸಿದ ಗೋಧಿ ಹಿಟ್ಟಿನ ಬಿಸಿ ವಾಸನೆ ಬಂತು. ಟ್ರಂಕು ಕೆಳಗಿಟ್ಟು ನಿಂತುಬಿಟ್ಟೆ.

ಹಿಂದೊಮ್ಮೆ ನಾನು ಬಾಡಿಗೆಗಿದ್ದ ಗಿರಿಜಕ್ಕನ ಮಿಲ್ಲು ಅದಾಗಿರಲಿಲ್ಲ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಆದರೆ ಮೂಗಿಗೆ ಅದೆಲ್ಲ ಯಾರು ಹೇಳಬೇಕು? ಹಿಟ್ಟಿನ ವಾಸನೆಗೆ ಜನರಿಗೆ ಚಪಾತಿ ನೆನಪಾಗುತ್ತದೆ. ನನಗೆ ಒಬ್ಬ ಗಂಡಸು ನೆನಪಾದ. ಇಷ್ಟು ವರ್ಷದ ಮೇಲೂ ಸಿಟ್ಟು ಬಂತು. ಸಿಟ್ಟು ಇನ್ನೂ ಬರುತ್ತದಲ್ಲ ಅಂತ ಅದರ ಮೇಲೊಂದು ಸಿಟ್ಟು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನನಗೆ ಮೂವತ್ತಮೂರು. ಊರೂರಿಗೆ ಹೋಗಿ ಡೇರೆ ಹಾಕಿ ಹಾಡಿನ ನಾಟಕ ಆಡುವ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ನಾಯಕಿಯ ಪಾತ್ರ ಮಾಡುತ್ತಿದ್ದೆ. ಪ್ರೇಮದ ವಿಷಯದಲ್ಲಿ ನನ್ನಷ್ಟು ಪಳಗಿದ ಹೆಂಗಸು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ದಿನಕ್ಕೊಂದು ಸಲ ಪ್ರೀತಿಸುತ್ತಿದ್ದೆ, ಭಾನುವಾರ ಎರಡು ಸಲ. ನಾಯಕನ ಪಾತ್ರದವರು ಕಿವಿಯ ಹತ್ತಿರ ಬಾಗಿ "ಪ್ರಾಣೇಶ್ವರಿ" ಅನ್ನುವರು, ಅದೇ ಉಸಿರಲ್ಲಿ "ಸ್ವಲ್ಪ ಎಡಕ್ಕೆ ಸರಿಯಮ್ಮ, ನನ್ನ ಮುಖಕ್ಕೆ ಲೈಟು ಬೀಳ್ತಿಲ್ಲ" ಅಂತ ಪಿಸುಗುಟ್ಟುವರು. ಬಾಯಿಂದ ಈರುಳ್ಳಿ ಬಜ್ಜಿಯ ವಾಸನೆ ಬರುತ್ತಿತ್ತು. ಇಂಥವರ ಎದೆಗೆ ಒರಗಿ ಎಷ್ಟು ಸಾವಿರ ಸಲ ಅತ್ತಿದ್ದೆನೋ. ಹಾಗಾಗಿ ಗಂಡಸರ ಸಿಹಿ ಮಾತಿಗೆ ಕರಗುವ ಹುಡುಗಿಯರನ್ನು ಕಂಡರೆ ನನಗೆ ನಗು. ಮಾತಿನ ಮೇಲೆ ಎಚ್ಚರವಿಡುವುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾರ್ಮೋನಿಯಂ ಮೇಲೆ ಎಚ್ಚರವಿಡಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ರಾಘು ಮಾಸ್ಟ್ರು ನಮ್ಮ ಕಂಪನಿಗೆ ಸೇರಿ ಆಗ ಎರಡು ವರ್ಷ. ಕೊಪ್ಪದ ಹತ್ತಿರದ ಭಂಡಿಗಡಿಯವರು. ಹಾಡು ಕಟ್ಟುವುದು, ರಾಗ ಹಾಕುವುದು, ಹಾರ್ಮೋನಿಯಂ ನುಡಿಸುವುದು ಮೂರೂ ಅವರದೇ. ಮಾತು ಕಡಿಮೆ. ಸ್ಟೇಜಿನ ಮುಂದೆ ತಗ್ಗಿನಲ್ಲಿ ಕೂತು ನುಡಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಅವರ ಕೆಲಸ. ಹಾಡುವವಳ ಉಸಿರು ನೋಡದೆ ನುಡಿಸಲಾಗುವುದಿಲ್ಲ. ಇದು ನನಗೂ ಗೊತ್ತಿತ್ತು, ಆದರೂ ನೋಡುತ್ತಾರಲ್ಲ ಅಂತ ಖುಷಿ.

ಆ ಬೇಸಿಗೆ ಕೊಪ್ಪದಲ್ಲಿ ನಮ್ಮ ಕ್ಯಾಂಪು. ಒಂದು ಶನಿವಾರ ನೆಗಡಿಯಾಗಿ ಗಂಟಲು ಕಟ್ಟಿಕೊಂಡಿತ್ತು. ಯಾರಿಗೂ ಹೇಳಿರಲಿಲ್ಲ. ನಾಯಕಿಗೆ ಗಂಟಲು ಕಟ್ಟಿತು ಅಂದರೆ ಕಂಪನಿಯ ಯಜಮಾನರ ಕಣ್ಣು ಸಖಿಯ ಪಾತ್ರದ ಹುಡುಗಿಯ ಮೇಲೆ ಬೀಳುತ್ತದೆ. ಮೊದಲ ಹಾಡಿಗೆ ದೇವರ ಮೇಲೆ ಭಾರ ಹಾಕಿ ಬಾಯಿ ತೆರೆದೆ. ಹಾರ್ಮೋನಿಯಮ್ಮಿನ ಶ್ರುತಿ ಎಂದಿಗಿಂತ ಒಂದು ಮನೆ, ಅಂದರೆ ಒಂದು ಸ್ವರ ಕೆಳಗಿತ್ತು. ಮಾಸ್ಟ್ರು ಹೇಳದೆ ಕೇಳದೆ ಇಳಿಸಿದ್ದರು. ಮಧ್ಯಾಹ್ನ ನಾನು ಚಹಾ ಬೇಡ, ಬಿಸಿನೀರು ಸಾಕು ಅಂದದ್ದನ್ನು ಕೇಳಿಸಿಕೊಂಡಿದ್ದರಂತೆ. ಹಾಡು ಸಲೀಸಾಗಿ ಬಂತು, ಜನ "ಒನ್ಸ್ ಮೋರ್" ಅಂತ ಕೂಗಿದರು. ಒಂದು ಮಾತೂ ಆಡದೆ ನನ್ನ ಮರ್ಯಾದೆ ಉಳಿಸಿದ ಗಂಡಸನ್ನು ನಾನು ಅದೇ ಮೊದಲ ಸಲ ಕಂಡದ್ದು. ಅಲ್ಲಿಗೆ ನನ್ನ ಹನ್ನೊಂದು ವರ್ಷದ ಜಾಣತನ ಮುಗಿಯಿತು.

ಅದೇ ಕ್ಯಾಂಪಿನಲ್ಲಿ ಇನ್ನೊಂದು ನಡೆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗರಲ್ಲೊಬ್ಬ, ನಾನು ಕುಣಿಯುತ್ತಿದ್ದಾಗ, "ಆಂಟೀ, ಹಾಡಿ ಸಾಕು, ಕುಣೀಬೇಡಿ" ಅಂತ ಕೂಗಿದ. ಡೇರೆಯೆಲ್ಲ ನಕ್ಕಿತು. ನಾನೂ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮಮ್ಮನ ಹತ್ರ ಕೇಳಪ್ಪಾ, ಅವರೂ ನನ್ನ ಆಂಟೀ ಅಂತಾರೆ" ಅಂತ ತಿರುಗಿಸಿ ಕೊಟ್ಟು ಇನ್ನೂ ದೊಡ್ಡ ನಗು ಗಿಟ್ಟಿಸಿದೆ. ಆದರೆ ಪರದೆಯ ಪಕ್ಕ ನಿಂತಿದ್ದ ಯಜಮಾನರು ನಗಲಿಲ್ಲ. ಅದನ್ನು ನಾನು ನೋಡಿದ್ದೆ, ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೂನ್ ಬಂತು. ಮಳೆ ಹಿಡಿದರೆ ಈ ಕಡೆ ಡೇರೆ ನಿಲ್ಲುವುದಿಲ್ಲ. ತಗಡು ಬಿಚ್ಚಿ, ಪರದೆ ಮಡಚಿ, ಎಲ್ಲರೂ ಅವರವರ ಊರಿಗೆ ಹೊರಟರು. ನಾನೂ ಹರಿಹರಕ್ಕೆ, ಅಕ್ಕನ ಮನೆಗೆ ಹೊರಡಬೇಕಿತ್ತು. ಆಗ ಮಾಸ್ಟ್ರು ಬಂದು, "ಈ ಮಳೆಗಾಲ ಇಲ್ಲೇ ಇರು ಮಾರಾಯ್ತಿ. ಹೊಸ ನಾಟಕಕ್ಕೆ ಒಂಬತ್ತು ಹಾಡು ಕಟ್ಟಿದ್ದೇನೆ. ನೀ ಹಾಡದೇ ಇದ್ರೆ ಅವು ಹೇಗಿದಾವೆ ಅಂತ ನಂಗೇ ಗೊತ್ತಾಗೂದಿಲ್ಲ" ಅಂದರು. ಅಲ್ಲಿಯವರೆಗೆ "ವಿಮಲಾ ಅವರೇ" ಅನ್ನುತ್ತಿದ್ದವರು. ನಮ್ಮ ಕಡೆ ಯಾರೂ ಯಾರನ್ನೂ ಮಾರಾಯ್ತಿ ಅನ್ನುವುದಿಲ್ಲ. ಇಲ್ಲಿ ಮೀನು ಮಾರುವವಳಿಂದ ಹಿಡಿದು ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ ಅಂತ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಅದು ನನಗೆ ಮಾತ್ರ ಇಟ್ಟ ಹೆಸರು ಅಂದುಕೊಂಡೆ.

ಗಿರಿಜಕ್ಕನ ಹಿಟ್ಟಿನ ಮಿಲ್ಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ಗಿರಿಜಕ್ಕ ವಿಧವೆ, ಐವತ್ತು ದಾಟಿದವಳು, ಮಿಲ್ಲನ್ನು ಒಬ್ಬಳೇ ನಡೆಸುತ್ತಿದ್ದಳು. ಬೆಲ್ಟು ಹರಿದರೆ ತಾನೇ ಹೊಲಿಯುವಳು, ಮೋಟಾರು ಕೆಟ್ಟರೆ ತಾನೇ ಬೈಯುವಳು. ನಾಟಕದವಳು ಅಂತ ನನ್ನನ್ನು ಸಂಶಯದಿಂದ ನೋಡದ ಮೊದಲ ಮನೆಯೊಡತಿ ಅವಳು. ಮೊದಲ ದಿನವೇ, "ನೀ ಸ್ಟೇಜ್ ಮೇಲೆ ಅಳೂದು ನೋಡಿ ನಾನೂ ಅತ್ತಿದ್ದೆ ಮಾರಾಯ್ತಿ. ಮನೇಲಿ ಮಾತ್ರ ಅಳ್ಬೇಡ, ಹಿಟ್ಟು ಒದ್ದೆ ಆಗ್ತದೆ" ಅಂದಿದ್ದಳು.

ಮಾಸ್ಟ್ರು ದಿನಾ ಭಂಡಿಗಡಿಯಿಂದ ಬಸ್ಸಿಗೆ ಬರುತ್ತಿದ್ದರು. ಜುಲೈನಲ್ಲಿ ಸ್ಟುಡಿಯೋದ ಗೆಳೆಯನೊಬ್ಬನಿಂದ ಟೇಪ್ ರೆಕಾರ್ಡರನ್ನೂ ಒಳ್ಳೆಯದೊಂದು ಮೈಕನ್ನೂ ತಂದರು. ಯಾಕೆ ಅಂತ ಕೇಳಿದೆ. "ಹೊಸ ತಬಲಾದವನಿಗೆ ಕಲಿಸೂಕೆ ಬೇಕು. ಮತ್ತೆ ನಂಗೂ ಬೇಕು. ಮನೇಲಿ ಒಬ್ಬನೇ ಇದ್ದಾಗ ಕೇಳೂಕೆ." ಈ ಎರಡನೆಯ ಕಾರಣ ಸಾಕಾಯಿತು, ಮೊದಲನೆಯದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

ರೆಕಾರ್ಡ್ ಮಾಡಲು ಜಾಗ ಎಲ್ಲಿ? ನನ್ನ ಕೋಣೆಗೆ ತಗಡಿನ ಮಾಡು, ಮಳೆ ಬಂದರೆ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ಕೊನೆಗೆ ಗಿರಿಜಕ್ಕನೇ ಕೆಳಗಿನ ಗೋಡೌನು ತೋರಿಸಿದಳು. ಮೂರೂ ಕಡೆ ಆಳೆತ್ತರ ಗೋಧಿ, ಅಕ್ಕಿ, ಹಿಟ್ಟಿನ ಚೀಲ. ನಡುವೆ ಇಬ್ಬರು ಕೂರುವಷ್ಟು ಜಾಗ. ಚೀಲಗಳು ರಸ್ತೆಯ ಸದ್ದನ್ನೆಲ್ಲ ತಡೆಯುತ್ತಿದ್ದವು. ಮಿಲ್ಲು ಊಟಕ್ಕೆ ನಿಲ್ಲುವುದು ಒಂದರಿಂದ ಮೂರರವರೆಗೆ. ಅಷ್ಟರಲ್ಲಿ ಕರೆಂಟು ಇರಬೇಕು, ಮಳೆ ಸ್ವಲ್ಪ ಬಿಟ್ಟು ಹೊಳವಾಗಬೇಕು, ಬೆಳಗ್ಗೆ ಯಾರೂ ಮೆಣಸಿನಕಾಯಿ ಬೀಸಿಸಿರಬಾರದು. ಮೆಣಸು ಬೀಸಿದ ದಿನ ಹಾಡಿನ ಬದಲು ಇಬ್ಬರ ಕೆಮ್ಮೇ ರೆಕಾರ್ಡಾಗುತ್ತಿತ್ತು. ಎಲ್ಲ ಕೂಡಿಬಂದ ದಿನಗಳು ವಾರಕ್ಕೆ ಒಂದೋ ಎರಡೋ. ಹೀಗೆ ಒಂಬತ್ತು ಹಾಡಿಗೆ ಎರಡು ತಿಂಗಳು ಹಿಡಿಯಿತು.

ನನ್ನ ಜೀವನದಲ್ಲಿ ನಾನು ಹಾಡಿದ್ದು ಆ ಎರಡು ತಿಂಗಳು. ಉಳಿದದ್ದೆಲ್ಲ ಕೂಗಿದ್ದು. ಡೇರೆಯಲ್ಲಿ ಹಿಂದಿನ ಬೆಂಚಿನವನಿಗೂ ಕೇಳಬೇಕು, ಶೇಂಗಾ ಮಾರುವವನ ದನಿಗಿಂತ ನನ್ನ ದನಿ ಮೇಲಿರಬೇಕು. ಇಲ್ಲಿ ಎದುರಿಗೆ ಒಬ್ಬರೇ, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ. ಮೆಲ್ಲಗೆ ಹಾಡಿದರೆ ಸಾಕಿತ್ತು. ಇಷ್ಟು ಮೆಲ್ಲಗೆ ಹಾಡಲು ನನಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ನಾಟಕದಲ್ಲಿ ಆ ಹಾಡುಗಳು ಹೊಳೆಯಾಚೆಯ ನಲ್ಲನಿಗೆ. ನಾನು ಹಾಡಿದ್ದು ಚೀಲದ ಮೇಲೆ ಕೂತವರಿಗೆ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ, ಆಗಲೂ ಇರಲಿಲ್ಲ.

ಮದುವೆಯ ಮಾತು ಅವರೇ ಎತ್ತಿದರು, ಅದೂ ಗಿರಿಜಕ್ಕನ ಎದುರಿಗೆ. "ದೀಪಾವಳಿ ಕಳೀಲಿ. ಶೃಂಗೇರಿ ಕ್ಯಾಂಪು ಶುರು ಆಗೂದ್ರೊಳಗೆ ಮದುವೆ ಆಗ್ಬಿಡ್ತೇವೆ ಗಿರಿಜಕ್ಕ" ಅಂದರು.

ಗಿರಿಜಕ್ಕ ಜರಡಿ ಹಿಡಿಯುತ್ತಲೇ, "ಆಗ್ಬಿಡ್ತೇವೆ ಅಂದ್ರೆ ಎಂತ ಮಾರಾಯ್ರೇ? ಅಮ್ಮನ ಹತ್ರ ಹೇಳಿದ್ರಾ? ದಿನ ನೋಡ್ಸಿದ್ರಾ?" ಅಂದಳು.

"ಹೇಳ್ತೇನೆ. ಅಮ್ಮಂಗೆ ಸ್ವಲ್ಪ ಹುಷಾರಿಲ್ಲ."

"ಹುಷಾರಿಲ್ದೇ ಇದ್ರೂ ಕಿವಿ ಕೇಳ್ತದಲ್ಲ?"

ನಾನು ಗಿರಿಜಕ್ಕನಿಗೆ ಕಣ್ಣು ಬಿಟ್ಟೆ. ಅವರನ್ನು ಹೀಗೆ ಅಡ್ಡಪ್ರಶ್ನೆ ಕೇಳುತ್ತಾಳಲ್ಲ ಅಂತ ಆ ದಿನ ಅವಳೊಂದಿಗೆ ಊಟವನ್ನೂ ಮಾಡಲಿಲ್ಲ. ಎಂಥ ಪೆದ್ದಿ ನಾನು!

ದೀಪಾವಳಿ ಬಂತು, ಹೋಯಿತು. ಆಮೇಲೆ ಒಂದು ಬೆಳಗ್ಗೆ ಮಾಸ್ಟ್ರು ಬಂದು, ಯಜಮಾನರಿಗೆ ಡೇರೆಯ ಪರವಾನಗಿ ಸಿಕ್ಕಿಲ್ಲವಂತೆ, ಕ್ಯಾಂಪು ಸಂಕ್ರಾಂತಿ ಕಳೆದ ಮೇಲೆಯೇ, ಅಲ್ಲಿಯವರೆಗೆ ನೀನು ಅಕ್ಕನ ಮನೆಗೆ ಹೋಗಿರು, ನಾನು ಬಂದು ಮಾತಾಡುತ್ತೇನೆ ಅಂದರು. ಅವರೇ ಬಸ್ಸು ಹತ್ತಿಸಿದರು. ಕಿಟಕಿಯಿಂದ ಒಂದು ಚೀಲ ಕಿತ್ತಲೆ ಹಣ್ಣು ಕೊಟ್ಟರು. ಬಸ್ಸು ತಿರುಗುವ ತನಕ ನಿಂತಿದ್ದರು. ಅಷ್ಟು ಚೆನ್ನಾಗಿ ಬೀಳ್ಕೊಟ್ಟ ನಾಯಕನನ್ನು ನಾನು ಸ್ಟೇಜಿನ ಮೇಲೂ ಕಂಡಿರಲಿಲ್ಲ.

ಹರಿಹರದಲ್ಲಿ ಅಕ್ಕನಿಗೆ, ಭಾವನಿಗೆ, ಎದುರು ಮನೆಯವರಿಗೆ, ಕೇಳದವರಿಗೂ ಹೇಳಿಕೊಂಡು ಓಡಾಡಿದೆ. ಅಕ್ಕ ನನಗೆಂದು ಒಂದು ರೇಷ್ಮೆ ಸೀರೆ ತೆಗೆದಿಟ್ಟಳು. ಡಿಸೆಂಬರ್ ಕಳೆಯುತ್ತ ಬಂದರೂ ಅವರ ಪತ್ತೆಯಿಲ್ಲ. ಭಂಡಿಗಡಿಯ ಅವರ ಮನೆಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಯಾರೋ ಹೆಂಗಸು, "ಅವ ಮನೇಲಿಲ್ಲ" ಅಂತ ಇಟ್ಟುಬಿಟ್ಟರು.

ಜನವರಿಯ ಮೊದಲ ವಾರ, ನಾನು ಅಡುಗೆಮನೆಯಲ್ಲಿ ಚಟ್ನಿಪುಡಿ ಕುಟ್ಟುತ್ತಿದ್ದೆ. ಎದುರು ಮನೆಯ ಹುಡುಗಿ ಬಂದು, ಕೊಪ್ಪದಿಂದ ಫೋನು ಅಂದಳು. ಓಡಿದೆ. ಗಿರಿಜಕ್ಕ. ದನಿಯಲ್ಲಿ ಮುನಿಸಿತ್ತು.

"ಅಲ್ಲ ಮಾರಾಯ್ತಿ, ಶೃಂಗೇರಿ ತನಕ ಬಂದವಳಿಗೆ ಕೊಪ್ಪ ದೂರ ಆಯ್ತಾ?"

"ಯಾವ ಶೃಂಗೇರಿ ಗಿರಿಜಕ್ಕ? ನಾನು ಬಂದೇ ಇಲ್ಲ."

"ಸುಳ್ಳು ಎಂತಕ್ಕೆ ಹೇಳ್ತಿ? ನಿನ್ನೆ ತಮ್ಮನ ಮನೆಗೆ ಹೋಗಿದ್ದೆ, ನಿಮ್ಮ ಡೇರೆ ಎದುರೇ ಬಸ್ ನಿಂತಿತ್ತು. ಮಧ್ಯಾಹ್ನದ ಆಟ. ನೀ ಹಾಡ್ತಾ ಇದ್ದಿ. ನಮ್ಮ ಗೋಡೌನಲ್ಲಿ ಹಾಡಿದ್ಯಲ್ಲ, ಅದೇ ಹಾಡು. ಇಳಿದು ಮಾತಾಡ್ಸುವಾ ಅನ್ನೂದ್ರೊಳಗೆ ಬಸ್ಸು ಹೊರಟ್ತು. ಮದುವೆಗೂ ಕರೀಲಿಲ್ಲ, ಹೋಗ್ಲಿ ಬಿಡು."

ನನ್ನ ಕೈಗೆ ಚಟ್ನಿಪುಡಿ ಮೆತ್ತಿಕೊಂಡಿತ್ತು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ. ಉರಿ ತಡೆಯಲಾರದೆ ಫೋನು ಹಿಡಿದುಕೊಂಡೇ ಕೂತೆ. ಹರಿಹರದಲ್ಲಿ ಕೂತಿರುವ ನಾನು ಶೃಂಗೇರಿಯಲ್ಲಿ ಹಾಡುತ್ತಿದ್ದೇನೆ ಅಂದರೆ ಅದರ ಅರ್ಥ ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ. ಆದರೂ ಬಸ್ಸು ಹತ್ತಿ ಕೊಪ್ಪಕ್ಕೆ ಬರುವ ತನಕ ದಾರಿಯುದ್ದಕ್ಕೂ ಬೇರೆ ಬೇರೆ ಅರ್ಥ ಹುಡುಕುತ್ತಲೇ ಇದ್ದೆ. ಯಾರೋ ನನ್ನ ಹಾಗೇ ಹಾಡುವವಳು ಸಿಕ್ಕಿರಬೇಕು. ಗಿರಿಜಕ್ಕನಿಗೆ ಮೋಟಾರಿನ ಸದ್ದಿಗೆ ಕಿವಿ ಮಂದವಾಗಿರಬೇಕು.

ಹೊರಡಲು ಮನಸ್ಸು ಮಾಡಿ ನಾನು ಕೊಪ್ಪ ತಲುಪುವಷ್ಟರಲ್ಲಿ ಎರಡು ವಾರ ಕಳೆದು, ಕಂಪನಿ ಶೃಂಗೇರಿಯಿಂದ ನರಸಿಂಹರಾಜಪುರಕ್ಕೆ ಹೋಗಿತ್ತು. ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಅರ್ಧ ಟಿಕೆಟ್ಟಿನ ಆಟ. ಗಿರಿಜಕ್ಕ ಮಿಲ್ಲಿಗೆ ಬೀಗ ಹಾಕಿ ನನ್ನ ಜೊತೆ ಹೊರಟಳು. ಮುನಿಸೆಲ್ಲ ಎಲ್ಲಿ ಹೋಗಿತ್ತೋ, ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒತ್ತಾಯ ಮಾಡಿ ಕಾಫಿ ಕುಡಿಸಿದಳು. "ಹೊಟ್ಟೆಗೆ ಎಂತಾದ್ರೂ ಹಾಕ್ಕೊ. ಬೈಯೂಕೂ ತ್ರಾಣ ಬೇಕು" ಅಂದಳು.

ಡೇರೆಯ ಬಾಗಿಲಲ್ಲಿ ಹೊಸ ಬಣ್ಣದ ಪೋಸ್ಟರು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ದೊಡ್ಡ ಕಣ್ಣು. "ನವತಾರೆ ಸಹನಾ" ಅಂತ ಬರೆದಿತ್ತು. ಹನ್ನೊಂದು ವರ್ಷ ಕಲಾವಿದರ ಬಾಗಿಲಿಂದ ಒಳಗೆ ಹೋದವಳು ಅವತ್ತು ತಲೆಯ ಮೇಲೆ ಸೆರಗು ಹೊದ್ದು, ಟಿಕೆಟ್ಟು ಕೊಂಡು ಹೋದೆ. ಹೆಂಗಸರ ಬೆಂಚಿನ ತುದಿಯಲ್ಲಿ ಕೂತೆವು.

ಪರದೆ ಎದ್ದಿತು. ಮಾಸ್ಟ್ರು ತಮ್ಮ ಜಾಗದಲ್ಲಿದ್ದರು. ಮುಂದೆ ಹಾರ್ಮೋನಿಯಂ, ಪಕ್ಕದ ಸ್ಟೂಲಿನ ಮೇಲೆ ಒಂದು ಕರಿ ಡಬ್ಬಿ, ಸಿ.ಡಿ. ಹಾಕುವುದು. ಸಹನಾ ಬಂದಳು. ಚೆಲುವೆ, ಅದರಲ್ಲಿ ಎರಡು ಮಾತಿಲ್ಲ. ಮಾತು ಮುಗಿದು ಹಾಡು ಬರುವಾಗ ಮಾಸ್ಟ್ರು ಹಾರ್ಮೋನಿಯಂ ಮೇಲಿಂದ ಒಂದು ಕೈ ತೆಗೆದು ಡಬ್ಬಿಯ ಗುಂಡಿ ಒತ್ತಿದರು. ನಾಲ್ಕೂ ಸ್ಪೀಕರಿನಲ್ಲಿ ನಾನು ಹಾಡತೊಡಗಿದೆ. ಸಹನಾ ಬಾಯಾಡಿಸಿದಳು. ಮಾಸ್ಟ್ರು ಸದ್ದು ಬರದ ಹಾಗೆ ಹಾರ್ಮೋನಿಯಂ ಮೇಲೆ ಸುಮ್ಮನೆ ಬೆರಳು ಓಡಿಸಿದರು.

"ಇದು ನೀನೇ ಅಲ್ವೇನೇ?" ಗಿರಿಜಕ್ಕ ನನ್ನ ತೋಳು ಹಿಡಿದು ಕೇಳಿದಳು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಹಿಂದಿನ ಬೆಂಚಿನವಳೊಬ್ಬಳು ಪಕ್ಕದವಳಿಗೆ, "ಎಂಥ ಕಂಠ ಮಾರಾಯ್ತಿ, ಇಷ್ಟು ಚಿಕ್ಕ ಹುಡುಗಿಗೆ!" ಅಂದಳು. ಇಡೀ ಬದುಕಿನಲ್ಲಿ ನನ್ನ ಹಾಡಿಗೆ ಅಂಥ ಹೊಗಳಿಕೆ ಎಷ್ಟು ಸಿಕ್ಕಿತ್ತೋ, ಒಂದೂ ಹೀಗೆ ಚುಚ್ಚಿರಲಿಲ್ಲ.

ನಾಲ್ಕು ಹಾಡನ್ನು ಹಲ್ಲು ಕಚ್ಚಿ ಕೇಳಿದೆ. ಐದನೆಯದು ಶುರುವಾಯಿತು. ಎರಡನೇ ಚರಣಕ್ಕೆ ಮೊದಲು ಸ್ಪೀಕರಿನಲ್ಲಿ ಒಂದು ಸಣ್ಣ ನಗು ಕೇಳಿಸಿತು. ನನ್ನ ನಗು.

ಅದು ಹಾಡಿನೊಳಗಿನ ನಗುವಲ್ಲ. ಆ ದಿನ ಗೋಡೌನಿನಲ್ಲಿ ಮೇಲಿನ ಚೀಲದ ಹೊಲಿಗೆ ಬಿಟ್ಟು ಹಿಟ್ಟು ಸುರಿಯುತ್ತಿತ್ತು. ಮಾಸ್ಟ್ರು ಕಣ್ಣು ಮುಚ್ಚಿ ನುಡಿಸುತ್ತಿದ್ದರು, ಗಮನವೇ ಇರಲಿಲ್ಲ. ಚರಣ ಎತ್ತಿಕೊಳ್ಳಬೇಕು ಅನ್ನುವಾಗ ನೋಡುತ್ತೇನೆ, ಹುಬ್ಬು, ಮೀಸೆ, ತಲೆಗೂದಲು ಎಲ್ಲ ಬೆಳ್ಳಗಾಗಿ ಎಪ್ಪತ್ತು ವರ್ಷದ ಮುದುಕ ಕೂತಿದ್ದಾನೆ. ಈ ಮುದುಕನನ್ನು ನಾನು ಒಂದು ದಿನ ನಿಜವಾಗಿ ನೋಡುತ್ತೇನೆ, ಆಗಲೂ ಪಕ್ಕದಲ್ಲಿ ಇರುತ್ತೇನೆ ಅನ್ನಿಸಿತು. ಅಷ್ಟು ಸಂತೋಷ ಒಟ್ಟಿಗೆ ಬಂದರೆ ಏನು ಮಾಡುವುದು? ನಕ್ಕುಬಿಟ್ಟೆ. ಹಾಡು ಕೆಟ್ಟಿತು, ಇನ್ನೊಂದು ಸಲ ಮಾಡೋಣ ಅಂದಿದ್ದಕ್ಕೆ, "ಬೇಡ, ಇರ್ಲಿ. ಚಂದ ಇದೆ" ಅಂದಿದ್ದರು. ನನಗಾಗಿ ಉಳಿಸಿಕೊಂಡರು ಅಂದುಕೊಂಡಿದ್ದೆ.

ಜನ "ಒನ್ಸ್ ಮೋರ್" ಅಂದರು. ಹೆಂಗಸರೂ ಕೂಗಿದರು. ನಾನು ಹಾಡುತ್ತಿದ್ದ ಕಾಲದಲ್ಲಿ ಒನ್ಸ್ ಮೋರ್ ಬಂದರೆ ಎರಡನೆಯ ಸಲ ಬೇರೆಯೇ ಹಾಡುತ್ತಿದ್ದೆ, ಒಂದು ಕಡೆ ಎಳೆದು, ಒಂದು ಕಡೆ ಕುಣಿಸಿ. ಮಾಸ್ಟ್ರು ಮತ್ತೆ ಗುಂಡಿ ಒತ್ತಿದರು. ಅದೇ ಹಾಡು, ಅದೇ ಜಾಗದಲ್ಲಿ ಅದೇ ನಗು. ಸಹನಾ ಬಾಯಿಗೆ ಸೆರಗು ಅಡ್ಡ ಹಿಡಿದು ಭುಜ ಕುಲುಕಿಸಿದಳು. ಸೀಟಿ ಬಿದ್ದವು. ನನ್ನ ಕೆಲಸ ಹೋಯಿತು ಅಂತ ಅಲ್ಲಿಯವರೆಗೆ ಇದ್ದ ಸಂಕಟ ಎಷ್ಟೋ ವಾಸಿ. ಈಗ ಎಲ್ಲರೆದುರು ಸೀರೆ ಸೆಳೆದ ಹಾಗಾಯಿತು. ಮುಂದಿನ ಹಾಡುಗಳು ನನಗೆ ಕೇಳಿಸಲಿಲ್ಲ.

ಆಟ ಮುಗಿದು ಜನ ಹೊರಗೆ ಹೋದ ಮೇಲೆ ಡೇರೆಯ ಮುಂಭಾಗಕ್ಕೆ ನಡೆದೆ. ಹೊರಗೆ ಇನ್ನೂ ಬಿಸಿಲಿತ್ತು. ಮಾಸ್ಟ್ರು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಓಡಿಹೋಗಲಿಲ್ಲ, ಅದೊಂದು ಮೆಚ್ಚಬೇಕು.

"ಯಾವಾಗ ಬಂದಿ ಮಾರಾಯ್ತಿ?"

"ಮೊದಲ ಹಾಡಿಂದ ಇಲ್ಲೇ ಇದ್ದೀನಿ. ಸ್ಪೀಕರ್‌ನಾಗೂ ಇದ್ದೆ, ಬೆಂಚಿನ ಮೇಲೂ ಇದ್ದೆ."

ಅವರು ಬಟ್ಟೆಯನ್ನು ಮತ್ತೆ ಮಡಚಿದರು. "ಯಜಮಾನ್ರು ಹಟ ಹಿಡಿದ್ರು. ಹೊಸ ಮುಖ ಬೇಕು ಅಂದ್ರು. ಅವಳಿಗೆ ಮುಖ ಉಂಟು, ಕಂಠ ಇಲ್ಲ. ನಿಂಗೆ..."

"ಹೇಳ್ರಿ. ನನಗೆ ಕಂಠ ಐತಿ, ಮುಖ ಇಲ್ಲ."

"ನಾ ಹಾಗೆ ಹೇಳ್ಲಿಲ್ಲ. ನೀ ಹಾಡಿದ್ದು ಇಲ್ದೇ ಇದ್ರೆ ಆ ಒಂಬತ್ತು ಹಾಡೂ ಸತ್ತೇ ಹೋಗ್ತಿದ್ವು. ಹತ್ತು ವರ್ಷ ಕಟ್ಟಿದ ಹಾಡು ಅವು. ಈಗ ನೋಡು, ದಿನಾ ಒನ್ಸ್ ಮೋರ್. ನೀನೇ ಹಾಡ್ತಾ ಇದ್ದೀಯಲ್ಲ ವಿಮಲಾ."

ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ ಅದು, ನಂಬಿಕೊಂಡೇ ಹೇಳಿದರು. ಆಗ ನನಗೆ ತಿಳಿಯಿತು. ಗಂಟಲು ಕಟ್ಟಿದ ದಿನ ಶ್ರುತಿ ಇಳಿಸಿದ್ದು ನನ್ನ ಮರ್ಯಾದೆ ಉಳಿಸಲಲ್ಲ, ಹಾಡಿನ ಮರ್ಯಾದೆ ಉಳಿಸಲು. ಈ ಮನುಷ್ಯ ಪ್ರೀತಿಸಿದ್ದು ನಿಜ. ಯಾರನ್ನು ಅಂತ ನಾನು ತಪ್ಪು ತಿಳಿದಿದ್ದೆ.

ಮದುವೆಯ ಮಾತು ಎತ್ತಲಿಲ್ಲ. ಒಂದನ್ನು ಮಾತ್ರ ಕೇಳಲೇಬೇಕಿತ್ತು. "ಮಿಲ್ಲಿನಾಗೆ ರೆಕಾರ್ಡ್ ಮಾಡ್ತಿದ್ರಲ್ಲ, ಅವಾಗಲೇ ನಿಮಗೆ ಗೊತ್ತಿತ್ತೇನ್ರಿ? ನನ್ನನ್ನ ಬಿಟ್ಟು ಇದನ್ನ ಹಾಕ್ತಾರೆ ಅಂತ?"

ಅವರು ಕರಿ ಡಬ್ಬಿಯ ವೈರು ಸುತ್ತತೊಡಗಿದರು. ಸುಳ್ಳು ಹೇಳಲಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಆಮೇಲೆ ಗೊತ್ತಾಯಿತು ಅಂತ ಒಂದು ಮಾತು ಹೇಳಿದ್ದರೆ ಆ ಎರಡು ತಿಂಗಳಾದರೂ ನನ್ನ ಪಾಲಿಗೆ ಉಳಿಯುತ್ತಿತ್ತು.

"ಮೊದಲನೇ ಹಾಡು ಮಾಡುವಾಗ ಗೊತ್ತಿರ್ಲಿಲ್ಲ, ದೇವರಾಣೆ" ಅಂದರು. "ಎರಡನೇದ್ರ ಹೊತ್ತಿಗೆ ಯಜಮಾನ್ರು ಫೋನ್ ಮಾಡಿ ಹೇಳಿದ್ರು."

ಎರಡನೆಯದರ ಹೊತ್ತಿಗೆ. ನಾನು ಒಂದಾದ ಮೇಲೊಂದು ಹಾಡನ್ನು ನೆನೆದೆ. ಮದುವೆಯ ಮಾತು ಬಂದದ್ದು ನಾಲ್ಕನೆಯದಾದ ಮೇಲೆ. ನಾನು ನಕ್ಕಿದ್ದು ಐದನೆಯದರಲ್ಲಿ. ಗಿರಿಜಕ್ಕನೇ ಮುಂದೆ ಬಂದು, "ಥೂ, ನಮ್ಮ ಗೋಡೌನಲ್ಲೇ ಕೂತು ಮಾಡಿದ್ರಲ್ಲ ಮಾರಾಯ್ರೇ! ಮದುವೆ ಆಗ್ತೇನೆ ಅಂತ ನನ್ನ ಎದುರೇ ಹೇಳಿದ್ರಲ್ಲ, ನಾಲಿಗೆ ಹೊರಳಿತಾ?" ಅಂದಳು. ಅವರು ತಲೆ ತಗ್ಗಿಸಿ ಹಾರ್ಮೋನಿಯಮ್ಮಿನ ಕೊಂಡಿ ಹಾಕಿದರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ಹತ್ತು ಹೆಜ್ಜೆ ಹಾಕಿದ್ದೆವು. ಹಿಂದಿನಿಂದ ಯಾರೋ "ಅಕ್ಕಾ, ಅಕ್ಕಾ" ಅಂತ ಓಡಿಬಂದರು. ಸಹನಾ. ಅರ್ಧ ಬಣ್ಣ ಒರೆಸಿದ್ದಳು, ಅರ್ಧ ಹಾಗೇ ಇತ್ತು. ರಸ್ತೆಯಲ್ಲೇ ಬಗ್ಗಿ ಕಾಲು ಮುಟ್ಟಿದಳು.

"ನೀವೇ ಅಂತ ಈಗ ಗೊತ್ತಾತು ಅಕ್ಕಾ. ಹಾಡಿದವರು ಯಾರು ಅಂದ್ರೆ, ಬಿಟ್ಟುಹೋದರು ಅಂದಿದ್ರು. ಬೈಯಬೇಡ್ರಿ. ಮನೀಗೆ ನಾನೊಬ್ಬಾಕಿನೇ ದುಡಿಯಾಕಿ."

ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತಿರದಿಂದ ನೋಡಿದರೆ ಹುಡುಗಿಯ ಕೊರಳಿನಲ್ಲಿ ನರ ಉಬ್ಬಿತ್ತು. ಬರೀ ಬಾಯಾಡಿಸುವಾಗಲೂ ನಿಜವಾಗಿ ಹಾಡುವವಳ ಹಾಗೆ ಜೀವ ಹಿಡಿದು ಬಾಯಾಡಿಸಿದ್ದಳು.

"ಒಂದು ಕೇಳ್ಲೇನು ಅಕ್ಕಾ? ಐದನೇ ಹಾಡಿನಾಗ ನೀವು ನಗ್ತೀರಲ್ಲ, ಅದು ನನಗ ಕೂಡಿ ಬರವಲ್ದು. ನಾ ನಕ್ಕರ ಸುಳ್ಳು ನಗು ಆಗ್ತೈತಿ. ಹಿಂದಿನ ಬೆಂಚಿನವರಿಗೂ ಗೊತ್ತಾಗಿಬಿಡ್ತೈತಿ. ಯಜಮಾನ್ರು ದಿನಾ ಬೈತಾರ. ಹ್ಯಾಂಗ ನಕ್ಕಿರಿ ಅದು?"

ಗಿರಿಜಕ್ಕ ನನ್ನ ತೋಳು ಎಳೆದು, "ಬಾ ಮಾರಾಯ್ತಿ, ಬಸ್ಸು ಬಂತು" ಅಂದಳು. ನಾನು ತೋಳು ಬಿಡಿಸಿಕೊಂಡೆ. ಯಾಕೆ ಅಂತ ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನ ನಗು ಹೇಗೂ ಅಲ್ಲೇ ಇರುತ್ತದೆ, ದಿನಾ ಕೇಳಿಸುತ್ತದೆ, ಅದನ್ನು ಒಬ್ಬಳು ದಿನಾ ಕೆಡಿಸುವುದನ್ನು ಸಹಿಸಲಾಗಲಿಲ್ಲವೋ ಏನೋ. ಕಸುಬಿನವಳ ಬುದ್ಧಿ.

"ಭುಜ ಕುಲುಕಿಸಬೇಡ," ಅಂದೆ. "ಸೆರಗು ಅಡ್ಡ ಹಿಡೀಬೇಡ. ನಾಯಕನ್ನ ನೋಡಬೇಡ. ಎದುರಿಗೆ ಕೂತು ಹಾರ್ಮೋನಿಯಂ ನುಡಿಸ್ತಾರಲ್ಲ, ಅವರ ಮುಖ ನೋಡು. ಈ ಮನುಷ್ಯ ನನ್ನನ್ನ ಮದುವೆ ಆಗ್ತಾನೆ, ಮುದುಕ ಆಗೋ ತನಕ ನನ್ನ ಜೊತೆಗೇ ಇರ್ತಾನೆ ಅಂತ ಮನಸಾರೆ ನಂಬು. ನಗು ತಾನಾಗೇ ಬರ್ತೈತಿ."

ಹುಡುಗಿ ತುಟಿ ಅಲ್ಲಾಡಿಸುತ್ತ ಒಂದೊಂದನ್ನೂ ಮನಸ್ಸಿನಲ್ಲಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ, ಪಾಠ ಹೇಳಿಸಿಕೊಳ್ಳುವವಳ ಶ್ರದ್ಧೆಯಲ್ಲೇ ಕೇಳಿದಳು.

"ಎಷ್ಟೊತ್ತು ನಂಬಬೇಕು ಅಕ್ಕಾ?"

"ಹಾಡು ಮುಗಿಯೋ ತನಕ ಸಾಕು ಕಣೇ," ಅಂದೆ. "ನಾನು ಸ್ವಲ್ಪ ಜಾಸ್ತಿ ಹೊತ್ತು ನಂಬಿಬಿಟ್ಟೆ."